ಕೆಲಸದಲ್ಲಿ ಏಟು ಬಿದ್ದರೆ ದುಡ್ಡು ಯಾರು ಕೊಡಬೇಕು? ನೌಕರರ ಪರಿಹಾರ ವಿಮೆಯ ಪೂರ್ತಿ ಲೆಕ್ಕ

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ ಒಂದು ಸಾಮಾಜಿಕ ಭದ್ರತಾ ಸಂಹಿತೆ, 2020. ಕೆಲಸ ಮಾಡುವಾಗ ಕೈ ಹೋದರೆ, ಕಾಲು ಮುರಿದರೆ, ಜೀವವೇ ಹೋದರೆ ಏನು ಪರಿಹಾರ, ಯಾರು ಕೊಡಬೇಕು ಅನ್ನುವ ವಿಷಯ ಈಗ ಇದರ ಒಂದು ಅಧ್ಯಾಯದಲ್ಲಿದೆ. ಇದಕ್ಕೂ ಮೊದಲು 1923ರಿಂದ ಒಂದು ಪ್ರತ್ಯೇಕ ಕಾಯ್ದೆಯೇ ಇತ್ತು. ಅಂದರೆ ನೂರು ವರ್ಷ ಹಳೆಯ ಕಾನೂನು. ಆದರೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಾಲ್ಕೈದು ಜನರನ್ನು ಇಟ್ಟುಕೊಂಡು ವ್ಯವಹಾರ ಮಾಡುವ ಎಷ್ಟೋ ಮಾಲಕರಿಗೆ ಇದು ತಮಗೂ ಅನ್ವಯಿಸುತ್ತದೆ ಎಂದು ಗೊತ್ತಿಲ್ಲ. ಕೆಲಸದವರಿಗಂತೂ ಕೇಳಬೇಕು ಅನ್ನುವುದೇ ಗೊತ್ತಿಲ್ಲ.

ಕಾರವಾರದ ಬೈತಖೋಲ ಬಂದರಿನ ಮೀನು ಬೋಟು, ಭಟ್ಕಳ-ಹೊನ್ನಾವರ ಕಡೆಯ ಚಿರೇಕಲ್ಲು ಕ್ವಾರಿ, ಕುಮಟಾದ ಗೇರುಬೀಜದ ಫ್ಯಾಕ್ಟರಿ, ಶಿರಸಿಯ ಫರ್ನಿಚರ್ ವರ್ಕ್‌ಶಾಪ್, ಗೋಕರ್ಣದ ಹೋಟೆಲಿನ ಅಡುಗೆಮನೆ, ಎಲ್ಲ ಕಡೆಯೂ ಈ ವಿಷಯ ಒಂದಲ್ಲ ಒಂದು ದಿನ ಬಾಗಿಲು ತಟ್ಟುತ್ತದೆ. ಹಾಗಾಗಿ ಬುಡದಿಂದಲೇ ನೋಡೋಣ.

## ಮೊದಲು ಹೊಣೆ, ಆಮೇಲೆ ವಿಮೆ

ಬಹಳ ಜನ ಇಲ್ಲೇ ದಾರಿ ತಪ್ಪುತ್ತಾರೆ. "ನಾವು ವಿಮೆ ಮಾಡಿಸಿಲ್ಲ, ಹಾಗಾಗಿ ನಮಗೆ ಸಂಬಂಧ ಇಲ್ಲ" ಅನ್ನುತ್ತಾರೆ. ಅದು ಪೂರ್ತಿ ತಪ್ಪು.

ಕಾನೂನು ಹೇಳುವುದು ಇಷ್ಟು. ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಅಪಘಾತವಾಗಿ ನೌಕರನಿಗೆ ಗಾಯವಾದರೆ ಅಥವಾ ಆತ ತೀರಿಕೊಂಡರೆ ಪರಿಹಾರ ಕೊಡುವ ಹೊಣೆ ಮಾಲಕನದು. ವಿಮೆ ಇದ್ದರೂ ಅವನದೇ, ಇಲ್ಲದಿದ್ದರೂ ಅವನದೇ. ವಿಮೆ ಮಾಡಿಸಿದ್ದರೆ ಆ ದುಡ್ಡನ್ನು ಅವನ ಪರವಾಗಿ ವಿಮಾ ಕಂಪನಿ ಕಟ್ಟುತ್ತದೆ. ಮಾಡಿಸದಿದ್ದರೆ ಅವನ ಜೇಬಿನಿಂದ ಹೋಗುತ್ತದೆ, ಕೊಡದಿದ್ದರೆ ಅವನ ಆಸ್ತಿಯಿಂದ ವಸೂಲಾಗುತ್ತದೆ. ಬೈಕಿನ ಥರ್ಡ್ ಪಾರ್ಟಿ ವಿಮೆ ಎಲ್ಲರಿಗೂ ಗೊತ್ತಲ್ವಾ? ನಮ್ಮ ಬೈಕು ಯಾರಿಗೋ ತಾಗಿದರೆ ಹೊಣೆ ನಮ್ಮದು, ಪಾಲಿಸಿ ಇದ್ದರೆ ಕಂಪನಿ ಕಟ್ಟುತ್ತದೆ. ಇದೂ ಅದೇ ರೀತಿ. ಒಂದೇ ವ್ಯತ್ಯಾಸ ಅಂದರೆ ಬೈಕಿಗೆ ವಿಮೆ ಕಡ್ಡಾಯ. 1923ರ ಕಾಯ್ದೆಯು ಪರಿಹಾರವನ್ನು ಕಡ್ಡಾಯ ಮಾಡಿತ್ತು, ವಿಮೆಯನ್ನು ಮಾಡಿರಲಿಲ್ಲ. ಅದಕ್ಕೇ ಇಷ್ಟು ಜನ ಸುಮ್ನೆ ಕುಳಿತಿದ್ದಾರೆ.

ಇನ್ನೊಂದು ಮುಖ್ಯ ಮಾತು. ಇಲ್ಲಿ ತಪ್ಪು ಯಾರದು ಅನ್ನುವ ಪ್ರಶ್ನೆ ಬರುವುದಿಲ್ಲ. ಮಾಲಕನ ನಿರ್ಲಕ್ಷ್ಯ ಇತ್ತು ಎಂದು ಕೆಲಸದವನು ಸಾಬೀತು ಮಾಡಬೇಕಿಲ್ಲ. ಅವನದೇ ಗಮನ ತಪ್ಪಿ ಕೈ ಯಂತ್ರಕ್ಕೆ ಹೋಗಿದ್ದರೂ ಪರಿಹಾರ ಕೊಡಲೇಬೇಕು. ದಿನವಿಡೀ ಯಂತ್ರದ ಮುಂದೆ ನಿಂತವನಿಗೆ ಒಂದು ಕ್ಷಣ ಕಣ್ಣು ಮಂಪರಾಗುವುದು ಸಹಜ, ಅದೂ ಆ ಕೆಲಸದ ಅಪಾಯದಲ್ಲೇ ಸೇರಿದ್ದು. ನನಗೆ ಈ ಕಾನೂನಿನಲ್ಲಿ ತುಂಬ ನ್ಯಾಯವಾಗಿ ಕಾಣುವ ಭಾಗ ಇದೇ.

ಮೂರು ಕಡೆ ಮಾತ್ರ ಮಾಲಕ ತಪ್ಪಿಸಿಕೊಳ್ಳಬಹುದು. ಕೆಲಸದವನು ಕುಡಿದು ಅಥವಾ ನಶೆಯಲ್ಲಿದ್ದು ಅದರಿಂದಲೇ ಅಪಘಾತವಾಗಿರಬೇಕು. ಅಥವಾ ಸುರಕ್ಷತೆಗೆಂದು ಸ್ಪಷ್ಟವಾಗಿ ಹೇಳಿದ್ದನ್ನು ಬೇಕಂತಲೇ ಮೀರಿರಬೇಕು. ಅಥವಾ ಯಂತ್ರದ ಗಾರ್ಡ್ ಮುಂತಾದ ರಕ್ಷಣೆಯನ್ನು ಬೇಕಂತಲೇ ತೆಗೆದಿರಬೇಕು. ಆದರೆ ಗಮನಿಸಿ, ಸಾವಾಗಿದ್ದರೆ ಅಥವಾ ಶಾಶ್ವತವಾಗಿ ಪೂರ್ತಿ ಕೆಲಸ ಮಾಡಲು ಆಗದ ಸ್ಥಿತಿ ಬಂದಿದ್ದರೆ ಈ ಮೂರೂ ನೆಪ ನಡೆಯುವುದಿಲ್ಲ. "ಅವ ಕುಡಿದಿದ್ದ" ಎಂದು ಹೇಳಿ ಹೆಂಡತಿ ಮಕ್ಕಳನ್ನು ಬರಿಗೈಯಲ್ಲಿ ಕಳಿಸಲು ಆಗುವುದಿಲ್ಲ.

## ನೌಕರ ಅಂದರೆ ಯಾರು? ದಿನಗೂಲಿಯವರೂ ಬರುತ್ತಾರಾ?

ಬರುತ್ತಾರೆ. ಮೊದಲು ಆಗೊಮ್ಮೆ ಈಗೊಮ್ಮೆ ಬರುವ ಕೆಲಸದವರನ್ನು ಹೊರಗಿಡುವ ಒಂದು ಸಾಲು ಕಾಯ್ದೆಯಲ್ಲಿತ್ತು. 2000ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಕಾಯಂ, ತಾತ್ಕಾಲಿಕ, ದಿನಗೂಲಿ ಅನ್ನುವ ಭೇದ ಇಲ್ಲ. ನಿನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೂ ಹತ್ತು ವರ್ಷದಿಂದ ಇದ್ದವನಿಗೂ ಒಂದೇ ಹಕ್ಕು. ಪಿಎಫ್ ಇಲ್ಲ, ರಿಜಿಸ್ಟರಿನಲ್ಲಿ ಹೆಸರಿಲ್ಲ ಅನ್ನುವುದೂ ಅಡ್ಡಿಯಲ್ಲ, ಕೆಲಸ ಮಾಡುತ್ತಿದ್ದ ಎಂದು ತೋರಿಸಿದರೆ ಸಾಕು.

ಆದರೆ ಯಾವ ಯಾವ ಕೆಲಸ ಇದರೊಳಗೆ ಬರುತ್ತದೆ ಅನ್ನುವುದಕ್ಕೆ ಒಂದು ಪಟ್ಟಿ ಇದೆ. ಕಾರ್ಖಾನೆ, ಗಣಿ ಮತ್ತು ಕ್ವಾರಿ, ಕಟ್ಟಡ ಮತ್ತು ರಸ್ತೆ ಕೆಲಸ, ವಾಹನ ಓಡಿಸುವುದು ಮತ್ತು ರಿಪೇರಿ, ಯಂತ್ರದಿಂದ ಓಡುವ ಹಡಗಿನ ಕೆಲಸ, ಕರೆಂಟಿನ ಕೆಲಸ ಎಲ್ಲ ಇದೆ. ಗ್ಯಾಸ್ ಬಳಸುವ ಹೋಟೆಲಿನ ಅಡುಗೆಯವರು ಕೂಡ ಪಟ್ಟಿಯಲ್ಲಿದ್ದಾರೆ. ಇದನ್ನು ಗೋಕರ್ಣ, ಮುರ್ಡೇಶ್ವರದ ಹೋಟೆಲಿನವರು ನೆನಪಿಡಬೇಕು.

ತೋಟದ ಕೆಲಸದಲ್ಲಿ ಮಾತ್ರ ವಾದಕ್ಕೆ ಜಾಗ ಇದೆ. ನಾಲ್ಕು ಎಕರೆ ಅಡಿಕೆ ತೋಟಕ್ಕೆ ವರ್ಷಕ್ಕೆ ಕೆಲವು ದಿನ ಅಡಿಕೆ ಕೊನೆ ಇಳಿಸಲು ಬರುವ ಕೊನೆಗೌಡ ಈ ಪಟ್ಟಿಯೊಳಗೆ ಬರುತ್ತಾನಾ ಎಂದು ವಕೀಲರು ಕೇಳಿಯೇ ಕೇಳುತ್ತಾರೆ. ಆದರೆ ಅಪಾಯದ ಲೆಕ್ಕಕ್ಕೆ ನಿಂತರೆ ಅವನ ಕೆಲಸ ಯಾವ ಕಾರ್ಖಾನೆಗೂ ಕಡಿಮೆ ಇಲ್ಲ. ಒಂದು ಮರದ ತುದಿಯಲ್ಲಿ ಕುಳಿತು, ಇಡೀ ಮರವನ್ನೇ ಬಾಗಿಸಿ, ಪಕ್ಕದ ಮರವನ್ನು ಕೈಯಲ್ಲಿ ಹಿಡಿದು ಅದಕ್ಕೆ ದಾಟುತ್ತಾನೆ. ಕೊಳೆ ಮದ್ದು ಹೊಡೆಯುವ ಹೊತ್ತಿಗೆ ಮಳೆಗಾಲ, ಮರವೆಲ್ಲ ಪಾಚಿ. ಇಂಥವನಿಗೆ ಪಟ್ಟಿ ನೋಡಿಕೊಂಡು ಕೂರದೆ ತೋಟದ ಮಾಲಕರು ವಿಮೆ ಮಾಡಿಸಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ತೋಟದ ಕೆಲಸದವರಿಗೂ ಪಾಲಿಸಿ ಕೊಡುತ್ತೀರಾ ಎಂದು ವಿಮಾ ಕಂಪನಿಯಲ್ಲಿ ಕೇಳಿ. ಅದು ಆಗದಿದ್ದರೆ ಅವನ ಹೆಸರಿಗೇ ಒಂದು ಅಪಘಾತ ವಿಮೆ. ತೆಂಗಿನ ಮರ ಹತ್ತುವವರಿಗಾದರೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಯೋಜನೆ ಇದೆ.

## ಕೆಲಸದ ವೇಳೆ ಅಂದರೆ ಎಲ್ಲಿಂದ ಎಲ್ಲಿಯವರೆಗೆ?

ಯಂತ್ರದ ಮುಂದೆ ಆದ ಅಪಘಾತದ ಬಗ್ಗೆ ಯಾರಿಗೂ ಅನುಮಾನ ಇರುವುದಿಲ್ಲ. ಗೊಂದಲ ಆಗುವುದು ಅಂಚಿನಲ್ಲಿ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ನಮಗೆಲ್ಲ ನೆನಪಿದೆ. ಆ ಜಾಗದಲ್ಲಿ ಲಾರಿ ನಿಲ್ಲಿಸಿಕೊಂಡಿದ್ದವರು ಇದ್ದರು. ಮರು ತಿಂಗಳು, ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಚಾಲಕ ಬದುಕಿ ಬಂದ. ಈಗ ಪ್ರಶ್ನೆ: ಲಾರಿ ಚಾಲಕನೊಬ್ಬ ದಾರಿಯಲ್ಲಿ ಚಹಾ ಕುಡಿಯಲು ಇಳಿದಾಗ, ಕ್ಯಾಬಿನ್ನಿನಲ್ಲಿ ಮಲಗಿದ್ದಾಗ ಗುಡ್ಡ ಕುಸಿದರೆ ಅದು ಕೆಲಸದ ಅಪಘಾತವಾ? ಗುಡ್ಡವನ್ನು ಮಾಲಕ ಬೀಳಿಸಲಿಲ್ಲ ನಿಜ. ಆದರೆ ಆ ಹೊತ್ತಿಗೆ ಆ ಜಾಗದಲ್ಲಿ ಅವನು ಇದ್ದದ್ದು ಲಾರಿಯ ಕೆಲಸಕ್ಕಾಗಿ. ದೂರದ ಲೋಡಿಗೆ ಹೊರಟ ಚಾಲಕನಿಗೆ ರಸ್ತೆಯೇ ಕೆಲಸದ ಜಾಗ. ನಡುವೆ ಊಟ, ಚಹಾ, ನಿದ್ದೆ ಎಲ್ಲ ಆ ಕೆಲಸದಲ್ಲಿ ಸೇರಿದ್ದೇ. ಕೋರ್ಟುಗಳು ನೋಡುವುದು ಅಪಾಯ ಎಲ್ಲಿಂದ ಬಂತು ಎಂದಷ್ಟೇ ಅಲ್ಲ, ಆ ಅಪಾಯದ ಬಾಯಿಗೆ ಅವನನ್ನು ಕೆಲಸ ತಂದು ನಿಲ್ಲಿಸಿತ್ತಾ ಎಂದು.

ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಬರುವಾಗ ದಾರಿಯಲ್ಲಿ ಅಪಘಾತವಾದರೆ? ಮೊದಲು ಇದರಲ್ಲಿ ತುಂಬ ಜಗ್ಗಾಟ ಇತ್ತು. ಹೊಸ ಸಂಹಿತೆ ಇದನ್ನು ಸ್ಪಷ್ಟ ಮಾಡಿದೆ. ಸಮಯ, ಜಾಗ ಮತ್ತು ಸಂದರ್ಭ ಕೆಲಸದ ಜೊತೆ ತಾಳೆಯಾದರೆ ಹೋಗಿ ಬರುವ ದಾರಿಯ ಅಪಘಾತವೂ ಕೆಲಸದ ಅಪಘಾತವೇ. ಅದಕ್ಕೂ ಮೊದಲು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಸಕ್ಕರೆ ಕಾರ್ಖಾನೆಗೆ ಬೆಳಗಿನ ಜಾವದ ಪಾಳಿಗೆ ಹೊರಟಿದ್ದ ಕಾವಲುಗಾರನೊಬ್ಬನ ಪ್ರಕರಣದಲ್ಲಿ ಹೀಗೇ ತೀರ್ಪು ಕೊಟ್ಟಿತ್ತು. ರಾತ್ರಿ ಎರಡು ಮೂರು ಗಂಟೆಗೆ ಬಂದರಿಗೆ ಬೈಕಿನಲ್ಲಿ ಹೊರಡುವ ಖಲಾಸಿಗಳಿಗೆ, ಅಂದರೆ ಬೋಟಿನ ಕೆಲಸದವರಿಗೆ, ಇದು ದೊಡ್ಡ ಆಸರೆ. ಕೆಲಸ ಬಿಟ್ಟು ನಡುವೆ ನೆಂಟರ ಮನೆಗೆ ಹೋಗಿ ಅಲ್ಲಿಂದ ಬರುವಾಗ ಆದದ್ದು ಇದರಲ್ಲಿ ಬರುವುದಿಲ್ಲ.

ಅಪಘಾತ ಅಷ್ಟೇ ಅಲ್ಲ, ಕೆಲಸದಿಂದ ಬರುವ ಕಾಯಿಲೆಗಳಿಗೂ ಒಂದು ಪಟ್ಟಿ ಇದೆ. ಕಲ್ಲಿನ ದೂಳು ಕುಡಿದು ಬರುವ ಸಿಲಿಕೋಸಿಸ್ ಅದರಲ್ಲಿ ಒಂದು.

## ಎಷ್ಟು ದುಡ್ಡು? ಲೆಕ್ಕ ಮಾಡುವುದು ಹೇಗೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಬನ್ನಿ. ಕಷ್ಟ ಇಲ್ಲ, ಮೂರು ವಿಷಯ ಗೊತ್ತಿದ್ದರೆ ಸಾಕು: ತಿಂಗಳ ಪಗಾರ, ವಯಸ್ಸು, ಎಷ್ಟು ಹಾನಿಯಾಗಿದೆ ಅನ್ನುವುದು.

ಪಗಾರಕ್ಕೆ ಒಂದು ಮಿತಿ ಇದೆ. ನಿಜವಾದ ಪಗಾರ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ ತಿಂಗಳಿಗೆ 15,000 ರೂಪಾಯಿ. ಮೊದಲು 8,000 ಇತ್ತು, 2020ರ ಜನವರಿಯಲ್ಲಿ ಏರಿಸಿದರು. ಇವತ್ತಿನ ಕೂಲಿಗೆ ಹೋಲಿಸಿದರೆ ಈ ಮಿತಿ ತೀರಾ ಕಡಿಮೆ ಆಯಿತು.

ವಯಸ್ಸಿಗೆ ಒಂದು ಕೋಷ್ಟಕ ಇದೆ. ಪ್ರತಿ ವಯಸ್ಸಿಗೂ ಒಂದು ಅಂಶ, ಅಂದರೆ ಗುಣಿಸಬೇಕಾದ ಸಂಖ್ಯೆ. 20 ವರ್ಷಕ್ಕೆ 224.00, 30ಕ್ಕೆ 207.98, 35ಕ್ಕೆ 197.06, 40ಕ್ಕೆ 184.17, 50ಕ್ಕೆ 153.09, 60ಕ್ಕೆ 117.41. ಚಿಕ್ಕ ವಯಸ್ಸಿನವನು ಮುಂದೆ ದುಡಿಯುವ ವರ್ಷ ಜಾಸ್ತಿ, ಹಾಗಾಗಿ ಅವನ ಅಂಶವೂ ಜಾಸ್ತಿ.

ಸಾವಾದರೆ ಪಗಾರದ ಅರ್ಧವನ್ನು ಆ ಅಂಶದಿಂದ ಗುಣಿಸಬೇಕು. 35 ವರ್ಷದ ಖಲಾಸಿ, ತಿಂಗಳಿಗೆ 15,000 ಅಥವಾ ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದ ಎಂದುಕೊಳ್ಳಿ. 7,500ನ್ನು 197.06ರಿಂದ ಗುಣಿಸಿದರೆ 14,77,950 ರೂಪಾಯಿ. ಅದೇ 20ರ ಹುಡುಗನಾದರೆ 16,80,000. 60ರ ಹಿರಿಯನಾದರೆ 8,80,575. ಲೆಕ್ಕದಲ್ಲಿ ಎಷ್ಟೇ ಕಡಿಮೆ ಬಂದರೂ 1,20,000ಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಬದುಕಿದ್ದಾನೆ, ಆದರೆ ಇನ್ನು ಯಾವ ಕೆಲಸವೂ ಮಾಡಲು ಆಗುವುದಿಲ್ಲ. ಎರಡೂ ಕೈ ಹೋಗಿದೆ ಅಥವಾ ಎರಡೂ ಕಣ್ಣು ಹೋಗಿದೆ. ಆಗ ಪಗಾರದ ಅರ್ಧ ಅಲ್ಲ, ಶೇ. 60 ಹಿಡಿಯಬೇಕು. ಅದೇ 35 ವರ್ಷದವನಿಗೆ 9,000ನ್ನು 197.06ರಿಂದ ಗುಣಿಸಿದರೆ 17,73,540. ಸಾವಿಗಿಂತ ಇದಕ್ಕೆ ಯಾಕೆ ಜಾಸ್ತಿ ಎಂದು ಕೇಳುವವರಿದ್ದಾರೆ. ಅವನ ಮನೆಯವರ ಖರ್ಚಿನ ಜೊತೆಗೆ ಅವನ ಖರ್ಚೂ ಜೀವನಪೂರ್ತಿ ಇದೆಯಲ್ಲ.

ನಮ್ಮಲ್ಲಿ ಜಾಸ್ತಿ ಆಗುವುದು ಇದಲ್ಲ, ಬೆರಳು ಹೋಗುವುದು. ಮರದ ಕೆಲಸ ಮಾಡುವ ಕಡೆ ಹೋಗಿ ಹಿರಿಯ ಕೆಲಸಗಾರರ ಕೈ ನೋಡಿ, ಹತ್ತೂ ಬೆರಳು ಪೂರ್ತಿ ಇರುವವರು ಎಷ್ಟು ಜನ ಎಂದು ಎಣಿಸಬಹುದು. ಇದಕ್ಕೆ ಕಾನೂನಿನಲ್ಲಿ ಇನ್ನೊಂದು ಪಟ್ಟಿ ಇದೆ, ಒಂದೊಂದು ಅಂಗಕ್ಕೂ ದುಡಿಯುವ ಶಕ್ತಿ ಶೇಕಡಾ ಎಷ್ಟು ಕಡಿಮೆಯಾಯಿತು ಎಂದು ಬರೆದಿದೆ. ಹೆಬ್ಬೆರಳು ಹೋದರೆ ಶೇ. 30. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರ ಬೆರಳು ಅಥವಾ ಕಿರುಬೆರಳಿಗೆ 7. ಒಂದು ಕೈಯ ನಾಲ್ಕು ಬೆರಳು ಹೋದರೆ 50.

ಶಿರಸಿಯ ಒಂದು ವರ್ಕ್‌ಶಾಪಿನಲ್ಲಿ 40 ವರ್ಷದ ಬಡಗಿ, ಪಗಾರ 18,000 ಎಂದು ಇಟ್ಟುಕೊಳ್ಳಿ. ಪ್ಲೇನರ್ ಯಂತ್ರದಲ್ಲಿ ಹಲಗೆ ತಳ್ಳುವಾಗ ಮರದ ಗಂಟು ಬ್ಲೇಡಿಗೆ ಸಿಕ್ಕಿ ಹಲಗೆ ಹಿಂದಕ್ಕೆ ಹೊಡೆಯಿತು, ಕೈ ಜಾರಿತು, ಹೆಬ್ಬೆರಳು ಹೋಯಿತು. ಲೆಕ್ಕಕ್ಕೆ ಪಗಾರ 15,000. ಅದರ ಶೇ. 60 ಅಂದರೆ 9,000. ಅದನ್ನು 184.17ರಿಂದ ಗುಣಿಸಿದರೆ 16,57,530. ಅದರಲ್ಲಿ ಶೇ. 30 ಅಂದರೆ 4,97,259 ರೂಪಾಯಿ. ಸುಮಾರು ಐದು ಲಕ್ಷ. ಇಂಥ ಕಡೆ ಆಸ್ಪತ್ರೆ ಖರ್ಚು ಮತ್ತು ಮೇಲೆ ಇಪ್ಪತ್ತು ಸಾವಿರ ಕೊಟ್ಟು "ನೋಡಿಕೊಂಡೆವು" ಅನ್ನುವ ಮಾಲಕರು ಇದ್ದಾರೆ. ಅವರಲ್ಲಿ ಎಲ್ಲರೂ ಕೆಟ್ಟವರಲ್ಲ, ಲೆಕ್ಕ ಇಷ್ಟಾಗುತ್ತದೆ ಎಂದು ಗೊತ್ತಿಲ್ಲ ಅಷ್ಟೆ.

ಪಟ್ಟಿಯಲ್ಲಿ ಇಲ್ಲದ ಗಾಯ, ಉದಾಹರಣೆಗೆ ಬೆನ್ನುಮೂಳೆಗೆ ಏಟು ಆಗಿದ್ದರೆ ದುಡಿಯುವ ಶಕ್ತಿ ಎಷ್ಟು ಕಡಿಮೆಯಾಗಿದೆ ಎಂದು ಡಾಕ್ಟರು ಅಳೆದು ಹೇಳಬೇಕು.

ಕಾಲು ಮುರಿದಿದೆ, ಎರಡು ತಿಂಗಳಲ್ಲಿ ಸರಿಹೋಗುತ್ತದೆ. ಆಗ ಹದಿನೈದು ದಿನಕ್ಕೊಮ್ಮೆ ತಿಂಗಳ ಪಗಾರದ ಶೇ. 25 ಕೊಡಬೇಕು. 12,000 ಪಗಾರದವನಿಗೆ ಪ್ರತಿ ಸಲ 3,000, ಎರಡು ತಿಂಗಳಿಗೆ ಒಟ್ಟು 12,000. ಮೂರು ದಿನದೊಳಗೆ ವಾಸಿಯಾಗುವ ಸಣ್ಣ ಗಾಯಕ್ಕೆ ಈ ಪರಿಹಾರ ಇಲ್ಲ. ಮತ್ತು ಚಿಕಿತ್ಸೆಯ ಖರ್ಚು, ಎಷ್ಟಾಗಿದೆಯೋ ಅಷ್ಟೂ, ಬೇರೆಯೇ. 2009ರ ತಿದ್ದುಪಡಿಯಲ್ಲಿ ಇದು ಸೇರಿತು. ಪರಿಹಾರದ ದುಡ್ಡಿನಲ್ಲೇ ಆಸ್ಪತ್ರೆ ಬಿಲ್ಲು ಕಳೆಯುವಂತಿಲ್ಲ.

## ಪಾಲಿಗೆ ದುಡಿಯುವವರ ಪಗಾರ ಹೇಗೆ ತೀರ್ಮಾನ?

ಸುತ್ತು ಬಲೆ ಹಾಕುವ ಪರ್ಸಿನ್ ಬೋಟಿನಲ್ಲಿ ತಿಂಗಳ ಪಗಾರ ಅನ್ನುವುದಕ್ಕಿಂತ ಹಿಡಿದ ಮೀನಿನಲ್ಲಿ ಪಾಲು ಅನ್ನುವ ಪದ್ಧತಿ. ಬೋಟು ನಡೆಸುವ ತಾಂಡೇಲನಿಗೆ ಒಂದು ಪಾಲು, ಖಲಾಸಿಗೆ ಒಂದು ಪಾಲು. ಒಂದು ವಾರ ಬಂಗಡೆ ಚೆನ್ನಾಗಿ ಬಿದ್ದರೆ ಕೈತುಂಬ, ಇನ್ನೊಂದು ವಾರ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಆಗ ಏನೂ ಇಲ್ಲ.

ಕಾನೂನಿನಲ್ಲಿ ಇದಕ್ಕೂ ದಾರಿ ಇದೆ. ವರ್ಷಪೂರ್ತಿ ಒಬ್ಬರ ಹತ್ತಿರವೇ ಇದ್ದರೆ ಹಿಂದಿನ ಹನ್ನೆರಡು ತಿಂಗಳ ದುಡಿಮೆಯನ್ನು ಹನ್ನೆರಡರಿಂದ ಭಾಗಿಸುವುದು. ಸೇರಿ ತಿಂಗಳೂ ಆಗದಿದ್ದರೆ ಅದೇ ಕೆಲಸ ಮಾಡುವ ಇನ್ನೊಬ್ಬನ ಸರಾಸರಿ ಹಿಡಿಯುವುದು. ಇದರ ನಡುವಿನವರಿಗೆ ದಿನದ ಸರಾಸರಿಯನ್ನು ಮೂವತ್ತರಿಂದ ಗುಣಿಸುವುದು. 1923ರ ಕಾಯ್ದೆಯಲ್ಲಿ ದುಡ್ಡಿನಲ್ಲಿ ಅಳೆಯಬಹುದಾದ ಬೇರೆ ಸವಲತ್ತೂ ಪಗಾರದಲ್ಲಿ ಸೇರುತ್ತಿತ್ತು.

ಇದಕ್ಕೆಲ್ಲ ಬೇಕಾದದ್ದು ಬರವಣಿಗೆ. ಪಾಲು ಹಂಚಿದ ಪುಸ್ತಕ, ಫೋನ್ ಪೇಯಲ್ಲಿ ಹೋದ ದುಡ್ಡು, ಮುಂಗಡ ಕೊಟ್ಟ ಚೀಟಿ ಏನಾದರೂ ಇರಬೇಕು. ಮಾಲಕರು ಇದನ್ನು ಬರೆದಿಟ್ಟರೆ ತಮಗೇ ಅನುಕೂಲ, ಯಾಕೆಂದರೆ ವಿಮಾ ಕಂಪನಿ ಮೊದಲು ಕೇಳುವುದು ಅದನ್ನೇ.

## ಇನ್ನು ಪಾಲಿಸಿ

ನೌಕರರ ಪರಿಹಾರ ಪಾಲಿಸಿಯನ್ನು ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತವೆ, ಸರ್ಕಾರಿ ಮತ್ತು ಖಾಸಗಿ ಎರಡೂ. ಜೀವ ವಿಮೆಯ ಏಜೆಂಟರನ್ನು ಕೇಳಿದರೆ ಪ್ರಯೋಜನ ಇಲ್ಲ, ಅದು ಬೇರೆ ವಿಭಾಗ. ಪ್ರೀಮಿಯಂ ನಿಂತಿರುವುದು ಎರಡು ವಿಷಯದ ಮೇಲೆ: ವರ್ಷಕ್ಕೆ ಒಟ್ಟು ಎಷ್ಟು ಪಗಾರ ಕೊಡುತ್ತೀರಿ, ಮತ್ತು ಕೆಲಸ ಎಷ್ಟು ಅಪಾಯದ್ದು. ಕ್ವಾರಿಯ ಕೆಲಸಗಾರನಿಗೆ ದರ ಜಾಸ್ತಿ, ಅದೇ ಕ್ವಾರಿಯ ಆಫೀಸಿನಲ್ಲಿ ಲೆಕ್ಕ ಬರೆಯುವವನಿಗೆ ಕಡಿಮೆ. ಹಾಗಾಗಿ ಕೆಲಸದ ಪ್ರಕಾರ ಜನರನ್ನು ವಿಂಗಡಿಸಿ ಕೊಡಬೇಕು. ಬೋಟಿನವರು ನಿಷೇಧದ ಎರಡು ತಿಂಗಳು ಪಗಾರ ಕೊಡುವುದಿಲ್ಲ ಎಂದಾದರೆ ಹತ್ತು ತಿಂಗಳಿನ ಪಗಾರವನ್ನೇ ತೋರಿಸಬಹುದು. ಆದರೆ ಆ ಸಮಯದಲ್ಲಿ ಬಲೆ ರಿಪೇರಿಗೆ, ಬಣ್ಣ ಬಳಿಯಲು ಜನ ಇದ್ದರೆ ಅದನ್ನೂ ಹೇಳಬೇಕು.

ಪ್ರೀಮಿಯಂ ಉಳಿಸಲು ಹೋಗಿ ಒಂಬತ್ತು ಜನ ಇರುವಲ್ಲಿ ಐದು ಎಂದು, 15,000 ಕೊಡುವಲ್ಲಿ 8,000 ಎಂದು ಬರೆಸುವವರಿದ್ದಾರೆ. ಕ್ಲೇಮ್ ಬಂದ ದಿನ ಕಂಪನಿ ಇದನ್ನೇ ಹಿಡಿದು ಜಗ್ಗುತ್ತದೆ. ಉಳಿದ ದುಡ್ಡು ಮಾಲಕನ ತಲೆಗೇ ಬರುತ್ತದೆ.

ಸಹಿ ಹಾಕುವ ಮೊದಲು ಪಾಲಿಸಿಯಲ್ಲಿ ನಾಲ್ಕು ವಿಷಯ ಹುಡುಕಿ. ಚಿಕಿತ್ಸೆ ಖರ್ಚು ಸೇರಿದೆಯಾ, ಸೇರಿದ್ದರೆ ಒಬ್ಬರಿಗೆ ಎಷ್ಟರವರೆಗೆ? ಕಂತ್ರಾಟುದಾರನ ಮೂಲಕ ಬರುವ ಕೆಲಸದವರು ಸೇರಿದ್ದಾರಾ? ಕೆಲಸದಿಂದ ಬರುವ ಕಾಯಿಲೆ ಸೇರಿದೆಯಾ? ಬಡ್ಡಿ ಸೇರಿದೆಯಾ? ಇವು ಹಲವು ಪಾಲಿಸಿಗಳಲ್ಲಿ ತಾನಾಗಿ ಬರುವುದಿಲ್ಲ, ಕೇಳಿ ಸೇರಿಸಿಕೊಳ್ಳಬೇಕು, ಅದಕ್ಕೆ ಸ್ವಲ್ಪ ಹೆಚ್ಚು ಪ್ರೀಮಿಯಂ.

ಕಂತ್ರಾಟಿನ ವಿಷಯ ಬಿಡಿಸಿ ಹೇಳಬೇಕು. ಕುಮಟಾದ ಒಬ್ಬ ಸಿವಿಲ್ ಕಂತ್ರಾಟುದಾರ ಕಟ್ಟಡ ಹಿಡಿದಿದ್ದಾನೆ. ಸೆಂಟ್ರಿಂಗ್ ಕೆಲಸವನ್ನು ಒಬ್ಬ ಮೇಸ್ತ್ರಿಗೆ ಒಪ್ಪಿಸಿದ್ದಾನೆ. ಮೇಸ್ತ್ರಿ ಕರೆತಂದ ಹುಡುಗ ಎರಡನೇ ಮಹಡಿಯಿಂದ ಬಿದ್ದ. "ಅವ ನನ್ನ ಕೆಲಸದವನಲ್ಲ, ಮೇಸ್ತ್ರಿಯನ್ನು ಕೇಳಿ" ಎಂದು ದೊಡ್ಡ ಕಂತ್ರಾಟುದಾರ ಹೇಳುವಂತಿಲ್ಲ. ಅವನ ವ್ಯವಹಾರದ ಕೆಲಸವೇ ಅದು, ಹಾಗಾಗಿ ಪರಿಹಾರ ಅವನಿಂದಲೇ ಕೇಳಬಹುದು. ಕೊಟ್ಟ ಮೇಲೆ ಅವನು ಬೇಕಾದರೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಲಿ. ಮನೆ ಕಟ್ಟಿಸುವ ಸಾಮಾನ್ಯ ಮನೆಯವರ ಸ್ಥಿತಿ ಬೇರೆ, ಅವರಿಗೆ ಕಟ್ಟಡ ವ್ಯವಹಾರ ಅಲ್ಲ. ಆದರೆ ಮಧ್ಯೆ ಯಾರೂ ಇಲ್ಲದೆ ಗಾರೆಯವರನ್ನು ನೇರ ತಾವೇ ಕೂಲಿಗೆ ಇಟ್ಟುಕೊಂಡರೆ ಆಗ ಮಾಲಕ ಅವರೇ.

ಲಾರಿ, ಟೆಂಪೋ ಇರುವವರಿಗೆ ಇನ್ನೊಂದು ಮಾತು. ಚಾಲಕನಿಗೆ ಕಾಯ್ದೆಯಂತೆ ಬರಬೇಕಾದ ಪರಿಹಾರ ಸಾಮಾನ್ಯವಾಗಿ ವಾಹನದ ವಿಮೆಯೊಳಗೇ ಬರುತ್ತದೆ. ವಾಹನದ ವಿಮೆ ತಪ್ಪಿದ್ದರೆ ಇದೂ ತಪ್ಪಿತು.

## ಇಎಸ್‌ಐ ಇದ್ದರೆ ಇದು ಬೇಕಾ?

ಬೇಡ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯಲ್ಲಿ ಹೆಸರಿರುವ ನೌಕರನಿಗೆ ಅಪಘಾತವಾದರೆ ಅಲ್ಲಿಂದಲೇ ಸವಲತ್ತು ಸಿಗುತ್ತದೆ, ಅದೇ ಗಾಯಕ್ಕೆ ಮಾಲಕನಿಂದ ಮತ್ತೆ ಈ ಪರಿಹಾರ ಕೇಳುವಂತಿಲ್ಲ. ಹತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಗಳಲ್ಲಿ, ತಿಂಗಳಿಗೆ 21,000ದವರೆಗೆ ಪಗಾರ ಇರುವವರಿಗೆ ಇಎಸ್‌ಐ. ಮಾಲಕ ಪಗಾರದ ಶೇ. 3.25, ನೌಕರ 0.75 ಕಟ್ಟುತ್ತಾರೆ. ಆದರೆ ಒಂದೇ ಜಾಗದಲ್ಲಿ ಇಎಸ್‌ಐ ಇರುವವರೂ ಇಲ್ಲದವರೂ ಇರುತ್ತಾರೆ. 21,000 ದಾಟಿದವರಿಗೆ ಈ ಪಾಲಿಸಿ ಬೇಕೇ ಬೇಕು.

ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಮೀನುಗಾರರಿಗೆ ಇರುವ 5 ಲಕ್ಷದ ಗುಂಪು ಅಪಘಾತ ವಿಮೆ, ಇವೆಲ್ಲ ಕೆಲಸದವನ ಸ್ವಂತ ಹೆಸರಿನವು. ಅವು ಸಿಕ್ಕರೆ ಒಳ್ಳೆಯದು. ಆದರೆ ಅವನ್ನು ತೋರಿಸಿ ಮಾಲಕ ತನ್ನ ಹೊಣೆ ಕಳೆದುಕೊಳ್ಳಲು ಬರುವುದಿಲ್ಲ.

## ಅಪಘಾತವಾದ ಮೇಲೆ

ಮೊದಲು ಆಸ್ಪತ್ರೆ. ಅಲ್ಲಿ "ಮನೆಯಲ್ಲಿ ಜಾರಿ ಬಿದ್ದ" ಎಂದು ಬರೆಸಬೇಡಿ. ಪೊಲೀಸ್ ರಗಳೆ ಬೇಡ ಎಂದು ಹೀಗೆ ಬರೆಸುವುದು ನಮ್ಮ ಕಡೆ ತುಂಬ ನಡೆಯುತ್ತದೆ, ಮತ್ತು ಇದರಿಂದಲೇ ಎಷ್ಟೋ ಕ್ಲೇಮ್ ಬಿದ್ದುಹೋಗುತ್ತದೆ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಏನು ಬರೆದಿದೆ ಅನ್ನುವುದೇ ಮುಂದೆ ದೊಡ್ಡ ಸಾಕ್ಷಿ. ಎಲ್ಲಿ, ಯಾವ ಕೆಲಸ ಮಾಡುವಾಗ, ಹೇಗೆ ಆಯಿತು ಎಂದು ಇದ್ದದ್ದು ಇದ್ದಂತೆ ಹೇಳಿ. ಮಾಲಕರು ಅದೇ ದಿನ ಅಥವಾ ಮರುದಿನ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಪೊಲೀಸ್ ದೂರಿನ ಪ್ರತಿ, ಬಿಲ್ಲುಗಳು, ಪಗಾರದ ದಾಖಲೆ, ಹಾಜರಿ ಪುಸ್ತಕ, ಸಾವಾಗಿದ್ದರೆ ಮರಣೋತ್ತರ ಪರೀಕ್ಷೆಯ ವರದಿ, ಅಂಗ ಹೋಗಿದ್ದರೆ ಡಾಕ್ಟರ ಪ್ರಮಾಣಪತ್ರ ಎಲ್ಲ ಒಂದೇ ಕಡೆ ಇಡಿ.

ಈಗ ಅತಿ ಮುಖ್ಯವಾದದ್ದು. ಸಾವಾದಾಗ ಊರಿನ ನಾಲ್ಕು ಜನ ಕುಳಿತು ಪಂಚಾಯ್ತಿ ಮಾಡಿ, ಮನೆಯವರ ಕೈಗೆ ಒಂದೋ ಎರಡೋ ಲಕ್ಷ ಕೊಟ್ಟು, "ಇನ್ನು ಏನೂ ಕೇಳುವುದಿಲ್ಲ" ಎಂದು ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕಿಸುತ್ತಾರೆ. ಆ ಕಾಗದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಹಕ್ಕು ಬಿಟ್ಟುಕೊಡುವ ಇಂಥ ಒಪ್ಪಂದ ಊರ್ಜಿತವೇ ಅಲ್ಲ. ಸಾವಿನ ಪರಿಹಾರವನ್ನು ಮನೆಯವರ ಕೈಗೆ ನೇರ ಕೊಡುವಂತೆಯೂ ಇಲ್ಲ, ಪರಿಹಾರ ತೀರ್ಮಾನಿಸುವ ಸಕ್ಷಮ ಪ್ರಾಧಿಕಾರದವರಲ್ಲಿ (1923ರ ಕಾಯ್ದೆಯಲ್ಲಿ ಪರಿಹಾರ ಆಯುಕ್ತರು) ಠೇವಣಿ ಇಡಬೇಕು. ಹೆಂಡತಿ, ಮಕ್ಕಳು, ತಾಯಿ ಯಾರಿಗೆ ಎಷ್ಟು ಎಂದು ಅವರು ಹಂಚುತ್ತಾರೆ. ಪರಿಹಾರದ ಮುಂಗಡ ಎಂದು ಮೂರು ತಿಂಗಳ ಪಗಾರದಷ್ಟು ಕೈಗೆ ಕೊಟ್ಟದ್ದು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಒಳ್ಳೆ ಮನಸ್ಸಿನಿಂದಲೇ ಎರಡು ಲಕ್ಷ ಕೈಗೆ ಕೊಟ್ಟ ಮಾಲಕ ಆಮೇಲೆ ಪೂರ್ತಿ ದುಡ್ಡು ಮತ್ತೆ ಕಟ್ಟಬೇಕಾದ ಸ್ಥಿತಿ ಬರಬಹುದು.

ದುಡ್ಡು ಒಂದು ತಿಂಗಳೊಳಗೆ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದ್ದರೆ ಮೇಲೆ ಶೇ. 50ರವರೆಗೆ ದಂಡ. ಆ 35 ವರ್ಷದ ಖಲಾಸಿಯ ಲೆಕ್ಕಕ್ಕೇ ಮತ್ತೆ ಬನ್ನಿ. ಅಸಲು 14,77,950. ಮೂರು ವರ್ಷ ಎಳೆದಾಡಿದರೆ ಬಡ್ಡಿ 5,32,062. ಪೂರ್ತಿ ದಂಡ ಬಿದ್ದರೆ 7,38,975. ಒಟ್ಟು 27,48,987. ಈ ದಂಡವನ್ನು ವಿಮಾ ಕಂಪನಿ ಕಟ್ಟುವುದಿಲ್ಲ, ಅದು ಮಾಲಕನದೇ. ಬಡ್ಡಿಯನ್ನು ಹೊರಗಿಟ್ಟ ಪಾಲಿಸಿಯಾದರೆ ಅದೂ ಅವನದೇ. ಹೈಕೋರ್ಟಿಗೆ ಮೇಲ್ಮನವಿ ಹೋಗಬೇಕೆಂದರೂ ಆದೇಶದ ದುಡ್ಡನ್ನು ಮೊದಲು ಠೇವಣಿ ಇಟ್ಟೇ ಹೋಗಬೇಕು.

ಕೆಲಸದವರ ಕಡೆಯಿಂದ ನೋಡಿದರೆ, 1923ರ ಕಾಯ್ದೆಯಲ್ಲಿ ಅರ್ಜಿಗೆ ಎರಡು ವರ್ಷದ ಗಡುವು ಇತ್ತು. ಅಷ್ಟು ದಿನ ಕಾಯುವುದೇ ಬೇಡ, ಸಾಕ್ಷಿ ಹೇಳುವವರು ಅಷ್ಟರೊಳಗೆ ಬೇರೆ ಬೋಟಿಗೆ, ಬೇರೆ ಊರಿಗೆ ಹೋಗಿರುತ್ತಾರೆ. ಎಲ್ಲಿ ಅರ್ಜಿ ಹಾಕಬೇಕು ಎಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಸಿಗುವ ಪರಿಹಾರವನ್ನು ಸಾಲಗಾರರು ಜಪ್ತಿ ಮಾಡುವಂತಿಲ್ಲ, ಕೆಲಸಕ್ಕೆಂದು ಮೊದಲೇ ಮುಂಗಡ ಕೊಟ್ಟಿದ್ದೆ ಎಂದು ಮಾಲಕ ಅದರಲ್ಲಿ ಮುರಿದುಕೊಳ್ಳುವಂತೆಯೂ ಇಲ್ಲ.

ನಮ್ಮ ಬೋಟುಗಳಲ್ಲಿ, ಕ್ವಾರಿಗಳಲ್ಲಿ ಈಗ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಬಹಳ. ಅವರಲ್ಲಿ ಒಬ್ಬ ತೀರಿಕೊಂಡರೆ ಅಪ್ಪ ಅಮ್ಮ ಇಲ್ಲಿಗೆ ಬಂದು ಕೋರ್ಟು ಅಲೆಯಲು ಆಗುವುದಿಲ್ಲ ಎಂದೇ ಅನೇಕ ಕಡೆ ವಿಷಯ ಮುಚ್ಚಿಹೋಗುತ್ತದೆ. ಅವರು ಇಲ್ಲಿಗೆ ಬರಲೇಬೇಕೆಂದಿಲ್ಲ. ಅಪಘಾತವಾದ ಊರಿನಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ತಾವು ವಾಸವಿರುವ ಊರಿನ ಪ್ರಾಧಿಕಾರದವರಲ್ಲಿಯೇ ಹಾಕಬಹುದು. ಜೊತೆಗಿದ್ದ ಖಲಾಸಿಗಳು ಆ ಮನೆಗೆ ಫೋನು ಮಾಡಿ ಇದನ್ನು ಹೇಳಬೇಕು, ಆಸ್ಪತ್ರೆಯ ಮೊದಲ ಚೀಟಿ ಮತ್ತು ಪೊಲೀಸ್ ದೂರಿನ ಫೋಟೋ ತೆಗೆದು ಕಳಿಸಬೇಕು.